ಮೇಲೆ ಬಿಡುವ ಮುನ್ನ ಕೆಳಗೊಂದು ಮಾತು

ಕೊಪ್ಪಳ: ಇಲ್ಲಿಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನಮ್ಮ ಗೆಳೆಯರೊಬ್ಬರಿಗೆ ಫೋಟೋ ಹುಚ್ಚು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಅಂಗಡಿಗೆ ರಜೆ ಸಿಕ್ಕರೆ ಸಾಕು, ಹೆಗಲಿಗೆ ಕ್ಯಾಮೆರಾ, ಕೈಯಲ್ಲಿ ಬಸ್ ಟಿಕೆಟ್. ಕುಷ್ಟಗಿಯ ದಾಳಿಂಬೆ ತೋಟ, ಗಂಗಾವತಿಯ ಭತ್ತದ ಗದ್ದೆ, ಹಿರೇಬೆಣಕಲ್ಲಿನ ಮೊರೇರ ಕಲ್ಲುಮನೆಗಳು, ಯಾವುದನ್ನೂ ಬಿಟ್ಟವರಲ್ಲ.

ಹೋದ ವರ್ಷ ಇವರ ಕೈಗೆ ಒಂದು ಸಣ್ಣ ಡ್ರೋನ್ ಬಂತು. ಬೆಲೆ ಕೇಳಬೇಡಿ. ಒಂದು ಒಳ್ಳೆಯ ಸೆಕೆಂಡ್ ಹ್ಯಾಂಡ್ ಬೈಕ್ ಬರುತ್ತಿತ್ತು ಎಂದು ಮನೆಯವರು ಇವತ್ತಿಗೂ ಲೆಕ್ಕ ಹೇಳುತ್ತಾರೆ! ತೂಕ ಮಾತ್ರ ಕಾಲು ಕಿಲೋ ಸಕ್ಕರೆ ಪೊಟ್ಟಣಕ್ಕಿಂತ ಒಂದು ಗ್ರಾಂ ಕಡಿಮೆ, 249 ಗ್ರಾಂ. ನಾಲ್ಕು ಫ್ಯಾನು, ಹೊಟ್ಟೆಯಡಿ ಒಂದು ಕಣ್ಣು. ಅದು ಕಂಡದ್ದು ಕೈಯಲ್ಲಿರುವ ಮೊಬೈಲಿನಲ್ಲಿ ಕಾಣುತ್ತದೆ.

ಗಾಳಿಯ ಪಾಠ

ಮೊದಲ ಪಾಠ ಕಲಿಸಿದ್ದು ಆಷಾಢದ ಗಾಳಿ. ಡಬ್ಬಿಯ ಮೇಲೆ ಅರ್ಧ ತಾಸು ಹಾರುತ್ತದೆ ಎಂದಿತ್ತು. ನಮ್ಮ ಬಯಲುಸೀಮೆಯ ಗಾಳಿಗೆ ಎದುರಾಗಿ ನಿಂತರೆ ಇಪ್ಪತ್ತು ನಿಮಿಷಕ್ಕೇ ಬ್ಯಾಟರಿ ಇಳಿಯುತ್ತದೆ. ಹೋಗುವಾಗ ಗಾಳಿಯೇ ತಳ್ಳಿಕೊಂಡು ಹೋಗುತ್ತದೆ, ಬರುವಾಗ ತಿಣುಕಬೇಕು. ಅದಕ್ಕೇ ಇವರು ಈಗ ಮೊದಲು ಗಾಳಿಗೆ ಎದುರಾಗಿ ಕಳಿಸುತ್ತಾರೆ, ಬ್ಯಾಟರಿ ಅರ್ಧಕ್ಕೆ ಬರುವ ಮುಂಚೆಯೇ ತಿರುಗಿಸುತ್ತಾರೆ. ಸಿಗ್ನಲ್ ತಪ್ಪಿದರೆ ಎದ್ದ ಜಾಗಕ್ಕೆ ತಾನೇ ಮರಳುವ ಬುದ್ಧಿ ಅದಕ್ಕಿದೆ. ಆದರೆ ಮರಳುವ ಎತ್ತರವನ್ನು ನಾವೇ ಗೊತ್ತು ಮಾಡಿಡಬೇಕು. ಮರೆತರೆ ದಾರಿಯಲ್ಲಿರುವ ತೆಂಗಿನ ಮರಕ್ಕೋ ಕರೆಂಟ್ ತಂತಿಗೋ ನಮಸ್ಕಾರ.

ಕಾನೂನು ಏನನ್ನುತ್ತದೆ?

ಕೇಂದ್ರ ಸರ್ಕಾರದ 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ‘ನ್ಯಾನೋ’. ಅದನ್ನು ಹಾರಿಸುವವನಿಗೆ ಲೈಸೆನ್ಸ್ ಬೇಡ. ಅಲ್ಲಿಂದ ಎರಡು ಕಿಲೋವರೆಗಿನದು ‘ಮೈಕ್ರೋ’. ಅದಕ್ಕೂ ಬರೀ ಹವ್ಯಾಸಕ್ಕಾದರೆ ಲೈಸೆನ್ಸ್ ಬೇಡ, ಮದುವೆ ಶೂಟಿಂಗ್ ಮಾಡಿ ದುಡ್ಡು ಎಣಿಸುವವರಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ಹಸಿರು ವಲಯದಲ್ಲಿ 400 ಅಡಿಯವರೆಗೆ ಏರಬಹುದು. ಹಳದಿ, ಕೆಂಪು ವಲಯಗಳಿಗೆ ಅನುಮತಿ ಬೇಕು. ಯಾವ ಊರು ಯಾವ ಬಣ್ಣ ಎಂಬುದನ್ನು ‘ಡಿಜಿಟಲ್ ಸ್ಕೈ’ ನಕ್ಷೆಯಲ್ಲಿ ನೋಡಿಕೊಳ್ಳಬೇಕು. ನಿಯಮ ಮುರಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ.

1112ರಲ್ಲಿ ಕಟ್ಟಿದ ಇಟಗಿ ಮಹಾದೇವ ದೇವಾಲಯದ ಶಿಖರವನ್ನು ಮೇಲಿಂದ ತೆಗೆಯಬೇಕೆಂಬುದು ಗೆಳೆಯರ ಆಸೆ. ಆದರೆ ಸಂರಕ್ಷಿತ ಸ್ಮಾರಕಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಚೀಲ ಬಿಚ್ಚದೆ, ನೆಲದ ಮೇಲೆ ನಿಂತೇ ಫೋಟೋ ತೆಗೆದು ಬಂದರು.

ಸುಣ್ಣದ ಗೆರೆ

ಕಾನೂನಿನಲ್ಲಿ ಬರೆಯದ ಪಾಠ ಕಲಿತದ್ದು ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯಲ್ಲಿ. ಇಳಿ ಹೊತ್ತು. ಮಾಳಿಗೆ ಮನೆಗಳ ಮೇಲೆ ಮೆಣಸಿನಕಾಯಿ ಒಣಹಾಕಿದ್ದರು. ಮೇಲಿಂದ ನೋಡಿದರೆ ಊರಿಗೂರೇ ಕೆಂಪು ಜಮಖಾನೆ ಹಾಸಿದ ಹಾಗೆ. ಊರ ಹೊರಗಿನ ಕಟ್ಟೆಯ ಮೇಲೆ ನಿಂತು ಯಾರಿಗೂ ಹೇಳದೆ ಡ್ರೋನ್ ಬಿಟ್ಟರು.

ಹತ್ತು ನಿಮಿಷ ಕಳೆದಿರಲಿಲ್ಲ, ಹುಡುಗರ ಹಿಂಡು ಓಡಿಬಂತು. ಹಿಂದೆ ಏದುಸಿರು ಬಿಡುತ್ತ ಒಬ್ಬ ಅಜ್ಜಿ, ಕೈಯೆಲ್ಲ ಸುಣ್ಣ.

“ಯಪ್ಪಾ, ಅಳತಿ ಮುಗೀತೇನು? ನಮ್ಮ ಹಿತ್ತಲದ ಗೆರಿ ಇನ್ನಾ ಅರ್ಧ ಐತಿ!”

ಗೆಳೆಯರಿಗೆ ಏನೆಂದು ತಿಳಿಯಲಿಲ್ಲ. ಆಮೇಲೆ ಹೊಳೆಯಿತು. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯೊಳಗಿನ ಮನೆ, ಜಾಗಗಳನ್ನು ಡ್ರೋನ್‌ನಿಂದಲೇ ಅಳೆದು ಆಸ್ತಿ ಕಾರ್ಡು ಕೊಡುತ್ತಾರೆ. ಹಾರಿಸುವ ಮೊದಲು ಪ್ರತಿ ಜಾಗದ ಗಡಿಗೆ ಸುಣ್ಣದ ಗೆರೆ ಎಳೆಯುತ್ತಾರೆ. ಮೇಲಿನ ಕ್ಯಾಮೆರಾಕ್ಕೆ ಕಾಣುವುದು ಆ ಗೆರೆಯೇ. ಇದನ್ನು ಕೇಳಿ ತಿಳಿದಿದ್ದ ಅಜ್ಜಿ, ಆಕಾಶದಲ್ಲಿ ಗುಂಯ್ ಎಂದದ್ದೇ ತಡ, ಸುಣ್ಣದ ಡಬ್ಬಿ ಹಿಡಿದು ಹಿತ್ತಲಿಗೆ ಓಡಿದ್ದಾಳೆ. ಗೆರೆ ಮುಗಿಯದಿದ್ದರೆ ಹಿತ್ತಲು ಪಕ್ಕದವರ ಪಾಲಾದೀತೆಂಬ ದಿಗಿಲು.

“ಇದು ಸರ್ಕಾರದ್ದಲ್ಲವ್ವಾ, ನಂದು. ಸುಮ್ನ ಫೋಟೋ ತೆಗಿಯಾಕ ಬಂದೀನಿ.”

“ಸುಮ್ನ?” ಅಂದಳಂತೆ ಅಜ್ಜಿ. ಆ ಒಂದು ಮಾತಿಗೆ ಇವರ ಬಳಿ ಉತ್ತರವಿರಲಿಲ್ಲ.

ಅಷ್ಟರಲ್ಲಿ ಒಬ್ಬ ತರುಣ ಬಂದ. ಅವನ ಮಾತು ಇನ್ನೂ ಖಡಕ್ಕು. “ನಮ್ಮ ಬಚ್ಚಲಕ್ಕ ಮಾಡು ಇಲ್ರೀ. ಹೆಣ್ಮಕ್ಕಳು ಇರ್ತಾರ. ಏನೇನ್ ತಗದೀರಿ, ತೋರಿಸ್ರಿ.” ತಪ್ಪೇನಿದೆ ಅವನ ಮಾತಿನಲ್ಲಿ? ಸ್ನಾನ ಮಾಡುವ ಹೆಂಗಸಿನ ಚಿತ್ರವನ್ನು ಕದ್ದು ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ. ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲು. ಗೆಳೆಯರ ಮನಸ್ಸಿನಲ್ಲಿ ಅಂಥದ್ದೇನೂ ಇರಲಿಲ್ಲ, ಚಿತ್ರದಲ್ಲೂ ಇರಲಿಲ್ಲ. ಆದರೂ ಎಲ್ಲವನ್ನೂ ತೋರಿಸಿ, ಮನೆಗಳ ಹಿತ್ತಿಲು ಕಂಡ ಚಿತ್ರಗಳನ್ನು ಅವನೆದುರಿಗೇ ಅಳಿಸಿದರು.

ಅಜ್ಜಿ ಮಾತ್ರ ತನ್ನ ಮನೆಯ ಚಿತ್ರ ಅಳಿಸಗೊಡಲಿಲ್ಲ. ಮಾಳಿಗೆಯ ಮೂಲೆಯಲ್ಲಿ ಮಣ್ಣು ಕುಸಿದದ್ದನ್ನು ಬೆರಳಿಟ್ಟು ತೋರಿಸಿ, “ಇಲ್ಲೇ ನೋಡು ಸೋರೋದು” ಅಂದಳು. ಹಿತ್ತಲಲ್ಲಿ ಅರ್ಧಕ್ಕೆ ನಿಂತ ಬಿಳಿ ಗೆರೆಯೂ ಕಾಣುತ್ತಿತ್ತು.

ಮುಂದಿನ ವಾರ ಅದರ ಪ್ರತಿ ಹಾಕಿಸಿಕೊಂಡು ಹೋಗಿ ಕೊಟ್ಟರು. ಅಜ್ಜಿ ಕೇಳಿದ್ದು ಒಂದೇ ಮಾತು: “ಇದು ಕಚೇರ್ಯಾಗ ನಡೀತೈತೇನು, ತಮ್ಮಾ?” ನಡೆಯುವುದಿಲ್ಲ ಎಂದು ಹೇಳಬೇಕಾಯಿತು. ಚಹಾ ಕೊಟ್ಟು ಕಳಿಸಿದಳಂತೆ.

ಅಂದಿನಿಂದ ಗೆಳೆಯರು ಯಾವ ಹಳ್ಳಿಗೆ ಹೋದರೂ ಮೊದಲು ಕಟ್ಟೆಯ ಮೇಲೆ ಕೂತ ನಾಲ್ಕು ಮಂದಿಯನ್ನು ಮಾತಾಡಿಸುತ್ತಾರೆ. ತಾನು ಯಾರು, ಎಷ್ಟು ಹೊತ್ತು ಹಾರಿಸುವುದು, ಎಲ್ಲಿ ಹಾರಿಸುವುದು, ಎಲ್ಲವನ್ನೂ ಹೇಳುತ್ತಾರೆ. ಬೇಡವೆಂದರೆ ಚೀಲ ಬಿಚ್ಚುವುದಿಲ್ಲ. ಇದಕ್ಕೆ ಐದು ನಿಮಿಷ ಸಾಕು, ಬ್ಯಾಟರಿ ಖರ್ಚೂ ಇಲ್ಲ.

ಡ್ರೋನ್ ಕೊಂಡವರು ಮತ್ತು ಕೊಳ್ಳುವವರಲ್ಲಿ ನಮ್ಮದೊಂದು ಅರಿಕೆ. ಮೇಲೆ ಹಾರುವುದು ನಿಮ್ಮ ಹವ್ಯಾಸ ಇರಬಹುದು ಸ್ವಾಮಿ. ಕೆಳಗಿರುವುದು ಒಬ್ಬರ ಮನೆ, ಹಿತ್ತಲು, ಮರ್ಯಾದೆ. ಎತ್ತಿ ಬಿಡುವ ಮುನ್ನ ಒಂದು ಮಾತು ಹೇಳಿ.