ಬೆಂಕಿ ಹಚ್ಚಿದರೆ ತಣ್ಣಗಾಗುವ ಪೆಟ್ಟಿಗೆ

ಅಮೆರಿಕ, ಯುರೋಪುಗಳಲ್ಲಿ ರಜೆ ಬಂತೆಂದರೆ ಮನೆಯನ್ನೇ ಚಕ್ರದ ಮೇಲೇರಿಸಿಕೊಂಡು ಹೊರಡುವವರುಂಟು. ಅಡಿಗೆಮನೆ, ಹಾಸಿಗೆ, ಸ್ನಾನದ ಕೋಣೆ ಎಲ್ಲವೂ ಇರುವ ಆ ವಾಹನದಲ್ಲಿ ರೆಫ್ರಿಜರೇಟರೂ ಇರುತ್ತದೆ. ಕಾಡಿನ ನಡುವೆ ಬಿಡಾರ ಹೂಡಿದಾಗ ಅದಕ್ಕೆ ವಿದ್ಯುತ್ತು ಎಲ್ಲಿಂದ? ಅಂಥ ಹಲವು ಪೆಟ್ಟಿಗೆಗಳಿಗೆ ತಂಪು ಹುಟ್ಟಿಸಲು ವಿದ್ಯುತ್ತೇ ಬೇಡ. ಅನಿಲದ ಒಂದು ಸಣ್ಣ ಜ್ವಾಲೆ ಸಾಕು!

1922ರಲ್ಲಿ ಸ್ಟಾಕ್‌ಹೋಮಿನಲ್ಲಿ ಓದುತ್ತಿದ್ದ ಬಾಲ್ಟ್ಸರ್ ಫಾನ್ ಪ್ಲಾಟೆನ್, ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಕಂಡುಹಿಡಿದ ಉಪಾಯವಿದು. ಭದ್ರವಾಗಿ ಮುಚ್ಚಿದ ಕೊಳವೆಗಳೊಳಗೆ ಅಮೋನಿಯ, ನೀರು ಮತ್ತು ಜಲಜನಕ. ಜ್ವಾಲೆಯ ಕಾವಿಗೆ ಅಮೋನಿಯ ನೀರನ್ನು ಬಿಟ್ಟು ಆವಿಯಾಗಿ ಮೇಲೇರುತ್ತದೆ. ಹಿಂಬದಿಯ ಕೊಳವೆಯಲ್ಲಿ ತಣಿದು ದ್ರವವಾಗುತ್ತದೆ. ಬಳಿಕ ಜಲಜನಕವಿರುವಲ್ಲಿಗೆ ಇಳಿದು ಮತ್ತೆ ಆವಿಯಾಗುವಾಗ ಪೆಟ್ಟಿಗೆಯೊಳಗಿನ ಶಾಖವನ್ನು ಹೀರುತ್ತದೆ. ಬೆವರು ಆರುವಾಗ ಮೈ ತಂಪಾಗುವುದಿಲ್ಲವೇ, ಹಾಗೆ. ಕೊನೆಗೆ ನೀರು ಆ ಅಮೋನಿಯವನ್ನು ಕುಡಿದು ಮರಳಿ ಜ್ವಾಲೆಯ ಬಳಿ ಬರುತ್ತದೆ. ಮೋಟಾರಿಲ್ಲ, ಸದ್ದಿಲ್ಲ.

ಅನಿಲವೇ ಆಗಬೇಕೆಂದಿಲ್ಲ, ಕಾವು ಮುಖ್ಯ. ತಂಗುದಾಣದಲ್ಲಿ ಮನೆಬಳಕೆಯ ವಿದ್ಯುತ್ತಿಗೂ, ದಾರಿಯಲ್ಲಿ ವಾಹನದ 12 ವೋಲ್ಟಿಗೂ ಜೋಡಿಸುವ ಏರ್ಪಾಡು ಹಲವುದರಲ್ಲಿದೆ. ಆದರೆ ಎಂಜಿನ್ ನಿಲ್ಲಿಸಿ ಬ್ಯಾಟರಿಯನ್ನೇ ನಂಬಿದರೆ ಕೆಲವೇ ಗಂಟೆಗಳಲ್ಲಿ ಅದು ಬರಿದು!

ಇನ್ನೊಂದು ಪಥ್ಯವೂ ಉಂಟು. ಮೋಟಾರಿಲ್ಲದ್ದರಿಂದ ಒಳಗಿನ ದ್ರವ ಇಳಿಯಬೇಕಾದುದು ತನ್ನ ಭಾರದಿಂದಲೇ. ವಾಹನವನ್ನು ತೀರ ಓರೆಯಾಗಿ ನಿಲ್ಲಿಸಿ ಪೆಟ್ಟಿಗೆಯನ್ನು ನಡೆಸಿದರೆ ಹರಿವು ಕಟ್ಟಿ, ಕುದಿಯುವ ಭಾಗ ವಿಪರೀತ ಕಾಯುತ್ತದೆ. ಕೊಳವೆ ಬಿರಿದರೆ ಅಮೋನಿಯದೊಂದಿಗೆ ಉರಿಯುವ ಜಲಜನಕವೂ ಹೊರಬರುತ್ತದೆ; ಹೀಗೆ ವಾಹನಗಳು ಸುಟ್ಟುಹೋದದ್ದೂ ಇದೆ. ಅಮೋನಿಯದ ಗಾಟು ಮೂಗಿಗೆ ಬಡಿದರೆ, ತಡಮಾಡದೆ ಎಲ್ಲರೂ ಕೆಳಗಿಳಿಯುವುದೇ ಮೊದಲ ಕೆಲಸ.