ಮುಳ್ಳು ಮೇಲೇಳದ ಲಾರಿ ಡೀಸೆಲ್ ಕುಡಿಯುತ್ತದೆ

ದಕ್ಕೆಯಿಂದ ಮೀನು, ಕೋರೆಯಿಂದ ಕೆಂಪುಕಲ್ಲು, ಬಂದರಿನಿಂದ ಸರಕು. ಲಾರಿಯ ದುಡಿಮೆಯಲ್ಲೇ ಒಲೆ ಉರಿಯುವ ಮನೆಗಳು ನಮ್ಮಲ್ಲಿ ಎಷ್ಟೋ ಉಂಟು. ಹದಿನೈದು, ಇಪ್ಪತ್ತು ವರ್ಷದ ಹಳೆಯ ಟಾಟಾ, ಲೇಲ್ಯಾಂಡ್ ಗಾಡಿಯನ್ನು ಸೆಕೆಂಡ್ ಹ್ಯಾಂಡಿಗೆ ತೆಗೆದು, ಕಂತು ಕಟ್ಟುತ್ತಾ ಓಡಿಸುವವರೂ ಅದರಲ್ಲಿ ಬಹಳ. ಇಲ್ಲಿ ಮಾಲಕರಿಗೂ ಡ್ರೈವರ್‌ಗೂ ಜಗಳ ಬಂತೆಂದರೆ ಹೆಚ್ಚಿನ ಸಲ ಅದು ಡೀಸೆಲ್‌ನ ಜಗಳವೇ. "ಮೊದಲು ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡ್ತಿದ್ದ ಗಾಡಿ ಈಗ ಮೂರೂಮುಕ್ಕಾಲು ಕೊಡ್ತದೆ. ಉಳಿದ ಡೀಸೆಲ್ ಎಲ್ಲಿಗೆ ಹೋಯ್ತು?" ಎಂದು ಮಾಲಕರು ಕೇಳುತ್ತಾರೆ. ಕೇಳುವ ಧಾಟಿಯಲ್ಲೇ ಸಂಶಯ ಇರುತ್ತದೆ. ಭತ್ತೆಯಲ್ಲಿ ಕಡಿತ ಶುರುವಾಗುತ್ತದೆ, ಕೊನೆಗೆ ಡ್ರೈವರ್ ಗಾಡಿಯಿಂದ ಇಳಿಯುತ್ತಾರೆ. ಒಂದೇ ಮಸೀದಿಯ ಸಾಲಿನಲ್ಲಿ ನಿಲ್ಲುವ ಇಬ್ಬರು ಮಾತು ಬಿಡುತ್ತಾರೆ.

ಡೀಸೆಲ್ ಕದಿಯುವವರೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಕಳ್ಳ ಇಂಜಿನ್‌ನ ಒಳಗೇ ಇರಬಹುದಲ್ಲ, ಅದನ್ನು ಮೊದಲು ನೋಡಬೇಡವೇ?

ಡೀಸೆಲ್ ಇಂಜಿನ್‌ನಲ್ಲಿ ಪೆಟ್ರೋಲ್ ಗಾಡಿಯ ಹಾಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸಿಲಿಂಡರ್ ಒಳಗೆ ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾದು ಕೆಂಡದಂತಾಗುತ್ತದೆ, ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಸಿಲಿಂಡರ್‌ನ ಗೋಡೆ ತಣ್ಣಗಿದ್ದರೆ ಗಾಳಿಯ ಬಿಸಿಯನ್ನು ಗೋಡೆ ಹೀರಿಕೊಳ್ಳುತ್ತದೆ. ಡೀಸೆಲ್ ತಡವಾಗಿ ಹೊತ್ತುತ್ತದೆ, ಸ್ವಲ್ಪ ಉರಿಯದೆಯೇ ಹೊಗೆಯಾಗಿ ಹೋಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬರುವ ಬಿಳಿ ಹೊಗೆ ಅದೇ. ಇನ್ನೊಂದು, ತಣ್ಣಗಿರುವ ಆಯಿಲ್ ದಪ್ಪ. ಅದನ್ನು ಸೀಳಿಕೊಂಡು ಓಡಾಡಲಿಕ್ಕೆ ಪಿಸ್ಟನ್, ಕ್ರ್ಯಾಂಕ್ ಎಲ್ಲದಕ್ಕೂ ಹೆಚ್ಚು ಬಲ ಬೇಕು, ಆ ಬಲವೂ ಡೀಸೆಲ್‌ನಿಂದಲೇ ಬರಬೇಕು. ಹಾಗಾಗಿ ಇಂಜಿನ್‌ನ ನೀರು ಸುಮಾರು 80ರಿಂದ 95 ಡಿಗ್ರಿಯ ನಡುವೆ ಇರಬೇಕು. ತಂಪಾಗಿದ್ದಷ್ಟೂ ಇಂಜಿನ್‌ಗೆ ಒಳ್ಳೆಯದು ಅಂತ ನಮ್ಮಲ್ಲಿ ಒಂದು ನಂಬಿಕೆ ಉಂಟು. ಅದು ಸರಿಯಲ್ಲ.

ಈ ಬಿಸಿಯನ್ನು ಕಾಯುವುದು ಥರ್ಮೋಸ್ಟಾಟ್ ವಾಲ್ವ್. ಅಂಗೈಯಲ್ಲಿ ಹಿಡಿಯುವಷ್ಟೇ ಸಣ್ಣ ಸಾಮಾನು. ಅದರೊಳಗೆ ಮೇಣ ಇರುತ್ತದೆ. ನೀರು ತಣ್ಣಗಿರುವಾಗ ವಾಲ್ವ್ ಮುಚ್ಚಿಕೊಂಡಿರುತ್ತದೆ, ನೀರು ರೇಡಿಯೇಟರ್‌ಗೆ ಹೋಗದೆ ಇಂಜಿನ್ ಒಳಗೇ ಸುತ್ತುತ್ತದೆ. 80 ಡಿಗ್ರಿ ದಾಟುವಾಗ ಮೇಣ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ. ಕರೆಂಟು ಬೇಡ, ವಯರ್ ಬೇಡ.

ಗ್ಯಾರೇಜ್‌ಗಳಲ್ಲಿ ಆಗುವುದೇನು? ಘಾಟಿಯಲ್ಲಿ ಗಾಡಿ ಬಿಸಿಯಾಯಿತು ಎಂದು ತಂದರೆ ಹಲವರು ಮೊದಲು ಈ ವಾಲ್ವನ್ನೇ ಕಿತ್ತು ಬಿಸಾಡುತ್ತಾರೆ. "ನಮ್ಮ ಊರಿನ ಸೆಕೆಗೆ ಇದೆಲ್ಲ ಬೇಡ, ಇದು ಚಳಿ ದೇಶದವರಿಗೆ" ಎನ್ನುವ ಮಾತು ಬೇರೆ. ಅಂದಿನಿಂದ ಮುಳ್ಳು ಮೇಲೇಳುವುದಿಲ್ಲ, ಮಾಲಕರಿಗೂ ಸಮಾಧಾನ. ಡೀಸೆಲ್ ಹೆಚ್ಚು ಹೋಗಲಿಕ್ಕೆ ಶುರುವಾಗುವುದೂ ಅಂದಿನಿಂದಲೇ. ಊರಿನ ಸೆಕೆ 35 ಡಿಗ್ರಿ, ಇಂಜಿನ್‌ಗೆ ಬೇಕಾದದ್ದು 80ಕ್ಕಿಂತ ಮೇಲೆ. ಆ ಅಂತರವನ್ನು ಸೆಕೆ ತುಂಬಿಸಿ ಕೊಡುವುದಿಲ್ಲ.

ಶಿರಾಡಿ ಘಾಟಿಯನ್ನೇ ತೆಗೆದುಕೊಳ್ಳಿ. ಗುಂಡ್ಯದಿಂದ ಸಕಲೇಶಪುರಕ್ಕೆ ಲೋಡ್ ಹೊತ್ತು ಏರುವಾಗ ವಾಲ್ವ್ ಇಲ್ಲದಿದ್ದರೂ ಇಂಜಿನ್ ಕಾಯುತ್ತದೆ. ಇಳಿಯುವಾಗ ಗಿಯರಿನಲ್ಲೇ ತಡೆದುಕೊಂಡು ಬರುತ್ತಾರೆ, ಡೀಸೆಲ್ ಉರಿಯುವುದೇ ಅಪರೂಪ. ಮೇಲಿಂದ ಮಳೆಗಾಲದ ಮಳೆ, ಎದುರಿನಿಂದ ತಣ್ಣನೆ ಗಾಳಿ. ವಾಲ್ವ್ ಇಲ್ಲದ ಇಂಜಿನ್ ಪೂರ್ತಿ ತಣಿದುಬಿಡುತ್ತದೆ. ಹಾಗೆ ತಣಿದ ಇಂಜಿನ್‌ನಲ್ಲಿ ಹೊಗೆಯ ತೇವ ಸಿಲಿಂಡರ್ ಗೋಡೆಗೆ ನೀರಾಗಿ ಕೂರುತ್ತದೆ, ಆಮ್ಲವಾಗಿ ಲೈನರ್, ರಿಂಗ್‌ಗಳನ್ನು ತಿನ್ನುತ್ತದೆ. ಹೀಗೆ ಡೀಸೆಲ್ ಹೋದದ್ದಲ್ಲದೆ ಇಂಜಿನ್ ಕೆಲಸವೂ ಬೇಗ ಬರುತ್ತದೆ.

ಇನ್ನೊಂದು ವಿಚಿತ್ರ ಕೇಳಿ. ಕೆಲವು ಇಂಜಿನ್‌ಗಳಲ್ಲಿ ಈ ವಾಲ್ವ್ ತೆರೆದಾಗ ಒಳಸುತ್ತಿನ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ವಾಲ್ವನ್ನೇ ಕಿತ್ತರೆ ಬೈಪಾಸ್ ಸದಾ ತೆರೆದಿರುತ್ತದೆ. ಸ್ವಲ್ಪ ನೀರು ರೇಡಿಯೇಟರ್ ಮುಟ್ಟದೆಯೇ ಬಿಸಿಯಾಗಿ ತಿರುಗುತ್ತದೆ. ಏರಿನಲ್ಲಿ ಗಾಡಿ ಮೊದಲಿಗಿಂತ ಹೆಚ್ಚು ಕಾಯುತ್ತದೆ! ಬಿಸಿಗೆ ನಿಜವಾದ ಕಾರಣ ಬೇರೆಯೇ ಇರುತ್ತದೆ: ಬೋರ್‌ವೆಲ್‌ನ ಗಡಸು ನೀರು ಹಾಕಿ ಪಾಚಿಕಲ್ಲಿನಂತೆ ಕಟ್ಟಿಕೊಂಡ ರೇಡಿಯೇಟರ್, ಸಡಿಲಾದ ಫ್ಯಾನ್ ಬೆಲ್ಟ್, ಸವೆದ ವಾಟರ್ ಪಂಪ್, ಒತ್ತಡ ಹಿಡಿಯದ ಮುಚ್ಚಳ. ಅದನ್ನು ಸರಿಮಾಡಬೇಕು. ಅತಿಯಾಗಿ ಕಾದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಅದೂ ಸಣ್ಣ ಖರ್ಚಲ್ಲ.

ಲೆಕ್ಕ ಹಾಕಿ ನೋಡೋಣ. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರ್. ಲೀಟರಿಗೆ ನಾಲ್ಕರಂತೆ 87 ಲೀಟರ್ ಚಿಲ್ಲರೆ. ತಣ್ಣನೆ ಇಂಜಿನ್‌ನಿಂದ ನೂರಕ್ಕೆ ಐದರಷ್ಟು ನಷ್ಟ ಎಂದು ಹಿಡಿಯಿರಿ. ಗಾಡಿ, ಲೋಡ್, ದಾರಿ ನೋಡಿ ಹೆಚ್ಚು ಕಡಿಮೆ ಆದೀತು. ನಾಲ್ಕೂಕಾಲು ಲೀಟರ್‌ಗಿಂತ ಹೆಚ್ಚಾಯಿತು. ಲೀಟರಿಗೆ 90 ರೂಪಾಯಿಯಂತೆ ಹೋಗಿ ಬರುವಾಗ 780 ರೂಪಾಯಿ ಆಸುಪಾಸು. ತಿಂಗಳಿಗೆ ಎಂಟು ಟ್ರಿಪ್ಪಾದರೆ ಆರು ಸಾವಿರ ದಾಟಿತು. ವಾಲ್ವ್‌ನ ಬೆಲೆ ಇದರ ಹತ್ತಿರಕ್ಕೂ ಬರುವುದಿಲ್ಲ. ಟಯರಿನ ಗಾಳಿ, ಹಿಡಿದುಕೊಂಡ ಬ್ರೇಕ್, ಕಟ್ಟಿದ ಏರ್ ಫಿಲ್ಟರ್ ಕೂಡ ಮೈಲೇಜ್ ತಿನ್ನುತ್ತವೆ, ಅವನ್ನೂ ನೋಡಿಸಬೇಕು.

ಬೆಳಿಗ್ಗೆ ಅರ್ಧ ಗಂಟೆ ಗಾಡಿ ನಿಲ್ಲಿಸಿಯೇ ಬಿಸಿ ಮಾಡುವ ಅಭ್ಯಾಸವೂ ಬಿಡಬೇಕು. ಲೋಡ್ ಇಲ್ಲದ ಡೀಸೆಲ್ ಇಂಜಿನ್ ಬೇಗ ಕಾಯುವುದಿಲ್ಲ. ಬ್ರೇಕಿಗೆ ಗಾಳಿ ತುಂಬುವವರೆಗೆ ಕಾದರೆ ಸಾಕು, ಆಮೇಲೆ ಮೊದಲ ಕೆಲವು ಕಿಲೋಮೀಟರ್ ಮೆಲ್ಲನೆ ಓಡಿಸಿ.

ರೇಡಿಯೇಟರ್‌ಗೆ ಬರೀ ನೀರಿನ ಬದಲು ಕೂಲೆಂಟ್ ಬೆರೆಸಿ ಹಾಕಿದರೆ ತುಕ್ಕು ಹಿಡಿಯುವುದಿಲ್ಲ, ಬೇಗ ಕುದಿಯುವುದೂ ಇಲ್ಲ. ಒಂದು ಎಚ್ಚರ ಬೇಕು. ಅದು ಸಿಹಿಯಾಗಿರುವ ವಿಷ, ಮಕ್ಕಳ ಕೈಗೆ ಸಿಗುವಲ್ಲಿ ಇಡಬೇಡಿ, ಕುಡಿಯುವ ನೀರಿನ ಬಾಟ್ಲಿಗೆ ತುಂಬಿಸಲೇಬೇಡಿ. ಕಾದ ರೇಡಿಯೇಟರ್‌ನ ಮುಚ್ಚಳವನ್ನೂ ತೆರೆಯಬಾರದು, ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ನಿಮ್ಮ ಗಾಡಿಯಲ್ಲಿ ವಾಲ್ವ್ ಉಂಟಾ ಇಲ್ಲವಾ? ಹಳೆ ಲಾರಿಗಳಲ್ಲಿ ಮುಳ್ಳೇ ಕೆಟ್ಟಿರುವುದು ಮಾಮೂಲು, ಅದನ್ನು ನಂಬಿ ಕೂರಬೇಡಿ. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿ, ಓಡುವ ಫ್ಯಾನಿನಿಂದ ಕೈ ದೂರ ಇಟ್ಟುಕೊಂಡು, ರೇಡಿಯೇಟರ್‌ಗೆ ಹೋಗುವ ಮೇಲಿನ ಹೋಸ್ ಪೈಪನ್ನು ಆಗಾಗ ಮುಟ್ಟಿ ನೋಡಿ. ತುಂಬ ಹೊತ್ತು ತಣ್ಣಗಿದ್ದು ಒಮ್ಮೆಲೇ ಬಿಸಿಯಾದರೆ ವಾಲ್ವ್ ಕೆಲಸ ಮಾಡುತ್ತಿದೆ. ಶುರುವಿನಿಂದಲೇ ನಿಧಾನಕ್ಕೆ ಬೆಚ್ಚಗಾಗುತ್ತಾ ಬಂದರೆ ಯಾರೋ ಕಿತ್ತಿದ್ದಾರೆ, ಇಲ್ಲಾಂದ್ರೆ ತೆರೆದಲ್ಲೇ ಸಿಕ್ಕಿಕೊಂಡಿದೆ. ಈ ಪರೀಕ್ಷೆಯನ್ನು ಮಾಲಕರೂ ಡ್ರೈವರೂ ಒಟ್ಟಿಗೆ ನಿಂತು ಮಾಡಲಿ, ಭತ್ತೆ ಕಡಿಯುವ ಮಾತು ಅದಾದ ಮೇಲೆ.