ಯಂತ್ರದ ಲೆಕ್ಕವೂ ಪ್ರಮೇಯದ ಸಾಕ್ಷಿಯೂ

ನಮ್ಮ ವಾಚಕರಲ್ಲಿ ಬಹುಮಂದಿ ಲೆಕ್ಕದೊಡನೆ ಬಾಳುವವರು. ಗಲ್ಲಾದಲ್ಲಿ ಕುಳಿತವರಿಗಾಗಲಿ, ಕಚೇರಿಯ ಖಾತೆ ಬರೆಯುವವರಿಗಾಗಲಿ, ತಾಳೆಯಾಗದ ಒಂದು ರೂಪಾಯಿ ರಾತ್ರಿಯ ನಿದ್ದೆಗೆಡಿಸಬಲ್ಲದು. ಆ ಲೆಕ್ಕವನ್ನು ಇಂದು ನಾವು ಯಂತ್ರಕ್ಕೆ ಒಪ್ಪಿಸಿದ್ದೇವೆ. ಯಂತ್ರವು ತಪ್ಪುವ ಸಂಭವವೆಷ್ಟೆಂದು ನಿರ್ಣಯಿಸುವ ಬಗೆಯನ್ನು ತಿಳಿದಿರುವುದು ಒಳಿತು.

1994ರಲ್ಲಿ ಅಮೆರಿಕದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿಯವರು, ಇಂಟೆಲ್ ಕಂಪನಿಯ ಪೆಂಟಿಯಂ ಚಿಪ್ ಕೆಲವು ಭಾಗಾಕಾರಗಳಲ್ಲಿ ತಪ್ಪು ಉತ್ತರ ಕೊಡುವುದನ್ನು ಕಂಡುಹಿಡಿದರು. 900 ಕೋಟಿ ಭಾಗಾಕಾರಗಳಲ್ಲಿ ಒಂದು ಮಾತ್ರ ತಪ್ಪೀತು, ಸಾಮಾನ್ಯ ಗ್ರಾಹಕನಿಗೆ ಅದು 27,000 ವರ್ಷಕ್ಕೊಮ್ಮೆ ಎದುರಾದೀತು ಎಂದು ಕಂಪನಿ ಸಮಾಧಾನ ಹೇಳಿತು. ಐಬಿಎಂ ಸಂಸ್ಥೆಯ ಎಣಿಕೆಯಂತೆ ಅದೇ ತಪ್ಪು 24 ದಿನಗಳಿಗೊಮ್ಮೆ ಬರಬಹುದಾಗಿತ್ತು! ವ್ಯತ್ಯಾಸವಿದ್ದುದು ಗೃಹೀತದಲ್ಲಿ. ದಿನಕ್ಕೆ ಸುಮಾರು ಸಾವಿರ ಭಾಗಾಕಾರವೆಂದು ಒಬ್ಬರು, 42 ಲಕ್ಷವೆಂದು ಇನ್ನೊಬ್ಬರು ಹಿಡಿದಿದ್ದರು. ಲೆಕ್ಕಕ್ಕೆ ಬರುವ ಅಂಕಿಗಳು ಎಂಥವೆಂಬಲ್ಲಿಯೂ ಭಿನ್ನಮತವಿತ್ತು. ಕಡೆಗೆ ಚಿಪ್‌ಗಳನ್ನು ಬದಲಿಸಿಕೊಡಲೊಪ್ಪಿದ ಇಂಟೆಲ್ 47.5 ಕೋಟಿ ಡಾಲರುಗಳನ್ನು ಖರ್ಚಿಗೆ ಬರೆದುಕೊಂಡಿತು.

ಇಂತಹ ಸಂಭವವನ್ನು ಅಳೆಯಲು, ಮನಬಂದಂತೆ ಆರಿಸಿದ ಅಂಕಿಗಳನ್ನು ಗಣಕಕ್ಕೆ ಕೊಟ್ಟು ಮತ್ತೆ ಮತ್ತೆ ಪರೀಕ್ಷಿಸುವುದು ರೂಢಿ. ಲಕ್ಷ ಬಾರಿ ಸರಿಬಂದರೂ ಕೋಟಿಗೊಮ್ಮೆ ಬರುವ ತಪ್ಪು ಕಣ್ಣಿಗೆ ಬೀಳದೆ ಹೋದೀತು. ಆದುದರಿಂದ ಕೆಲವು ವಿದ್ವಾಂಸರು ಶಾಲೆಯ ರೇಖಾಗಣಿತದ ಹಾದಿ ಹಿಡಿದಿದ್ದಾರೆ. ತ್ರಿಕೋನದ ಮೂರು ಕೋನಗಳು ಸೇರಿ 180 ಡಿಗ್ರಿಯೆಂದು ನಂಬಲು ನಾವು ಸಾವಿರ ತ್ರಿಕೋನಗಳನ್ನು ಅಳೆಯಲಿಲ್ಲ. ದತ್ತ, ಸಾಧನೀಯ, ಸಾಧನೆ ಎಂದು ಬರೆದು ಸಿದ್ಧಪಡಿಸಿದೆವು. ಹಾಗೆಯೇ ಸಂಭವನೀಯತೆಯ ನಿಯಮಗಳನ್ನು ಬುಡದಿಂದ ಬರೆದು, ಸಾಧನೆಯ ಒಂದೊಂದು ಮೆಟ್ಟಿಲನ್ನೂ ಗಣಕದಿಂದಲೇ ಒರೆಗೆ ಹಚ್ಚಿಸುತ್ತಾರೆ. ಕೇಂಬ್ರಿಜ್‌ನ ಜೋ ಹರ್ಡ್ ತಮ್ಮ 2002ರ ಪ್ರಬಂಧದಲ್ಲಿ, ಅವಿಭಾಜ್ಯ ಸಂಖ್ಯೆಗಳನ್ನು ಗುರುತಿಸುವ ಮಿಲ್ಲರ್-ರಾಬಿನ್ ಪರೀಕ್ಷೆಯನ್ನು ಈ ರೀತಿ ಸಾಧಿಸಿ ತೋರಿಸಿದರು. ಕೆನಡದ ಕಾಂಕಾರ್ಡಿಯ ವಿಶ್ವವಿದ್ಯಾಲಯದಲ್ಲಿ ಒಸ್ಮಾನ್ ಹಸನ್ ಹಾಗೂ ಸೋಫಿಯೆನ್ ತಾಹರ್ ಈ ಕಾರ್ಯವನ್ನು ಮುಂದುವರಿಸಿದರು.

ಈ ಮಾರ್ಗದಲ್ಲಿ ಶ್ರಮವು ಅಪಾರ. ದತ್ತವೇ ತಪ್ಪಾದರೆ ಸಾಧನೆಯೂ ಕಾಯಲಾರದು. ತಿಂಗಳ ಸರಾಸರಿ ಮಾರಾಟವನ್ನು ನಂಬಿ ಇಡ್ಲಿಗೆ ರುಬ್ಬಿಸಿದವನು, ನಾಳೆ ಸಂಕಷ್ಟಿಯೆಂಬುದನ್ನು ಮರೆತರೆ ಹಿಟ್ಟು ಉಳಿಯುವುದು ನಿಶ್ಚಯ. ಆದರೆ ಪ್ರಮೇಯದಲ್ಲಿ ದತ್ತವನ್ನು ಮೊದಲ ಸಾಲಿನಲ್ಲಿಯೇ ಬರೆಯದೆ ಗತ್ಯಂತರವಿಲ್ಲ, ಬಚ್ಚಿಡಲು ಎಡೆಯಿಲ್ಲ. ತಪ್ಪು 27,000 ವರ್ಷಕ್ಕೊಮ್ಮೆಯೆಂದು ನಮಗೆ ಯಾರಾದರೂ ಭರವಸೆಯಿತ್ತಾಗ, ದತ್ತವೇನೆಂದು ಕೇಳುವುದು ಲೆಕ್ಕ ಬಲ್ಲವರೆಲ್ಲರ ಹಕ್ಕೆಂದು ನಮ್ಮ ಅಭಿಪ್ರಾಯ.